ಲಾಕಿಗೆ ಅಭಿಷೇಕ

ತಪ್ಪು ನನ್ನದೇ ಎಂದು ಮನೆಯವರೆಲ್ಲ ಹೇಳುತ್ತಾರೆ. ಆಗಲಿ, ಒಪ್ಪಿಕೊಂಡೆ. ಆದರೆ ಆಯುಧಪೂಜೆಯ ದಿನ ಅನ್ನ ಕೊಡುವ ಸಾಮಾನಿಗೆ ಪೂಜೆ ಮಾಡಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಯಾವ ನ್ಯಾಯ ಎಂದು ಕೇಳಿದರೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ.

ಕೊಳ್ಳೇಗಾಲದಲ್ಲಿ ನಮ್ಮದು ನಾಲ್ಕು ಮಗ್ಗ. ರೇಷ್ಮೆ ಸೀರೆ ನೇಯಿಸುತ್ತೇವೆ. ಮೂರು ಮಗ್ಗದ ಮೇಲೆ ಎಲೆಕ್ಟ್ರಾನಿಕ್ ಜಕಾರ್ಡ್ ಪೆಟ್ಟಿಗೆ ಕೂತಿದೆ. ಅಂಚಿನ ಹೂವಿಗೆ ಯಾವ ಎಳೆ ಏಳಬೇಕು, ಯಾವುದು ಕೆಳಗೇ ಇರಬೇಕು ಎಂದು ಹೇಳುವುದು ಆ ಪೆಟ್ಟಿಗೆ. ಪೆಟ್ಟಿಗೆಗೆ ಹೇಳುವುದು ಕಂಪ್ಯೂಟರ್. ಕಂಪ್ಯೂಟರಿಗೆ ಅಪ್ಪಣೆ ಕೊಡುವುದು, ನಗಬೇಡಿ, ಹೆಬ್ಬೆರಳಷ್ಟು ಉದ್ದದ ಒಂದು ಪ್ಲಾಸ್ಟಿಕ್ ತುಂಡು. ಅದಕ್ಕೆ ನಾವು ಲಾಕ್ ಎನ್ನುತ್ತೇವೆ. ಕಂಪ್ಯೂಟರಿನ ಹಿಂದೆ ಅದನ್ನು ಚುಚ್ಚಿದ್ದರೆ ಡಿಸೈನಿನ ಸಾಫ್ಟ್‌ವೇರ್ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇನ್ನು ನಾಲ್ಕನೆಯದು ಹಳೇ ಮಗ್ಗ. ಅದರ ತಲೆಯ ಮೇಲೆ ರಟ್ಟಿನ ಕಾರ್ಡು ಓಡಿಸುತ್ತಿದ್ದ ಕಾಲದ ಜಕಾರ್ಡ್ ಇದೆ. ಕಾರ್ಡಿನಲ್ಲಿ ತೂತಿದ್ದ ಕಡೆ ಎಳೆ ಏಳುತ್ತಿತ್ತು. ಹದಿನೈದು ವರ್ಷದಿಂದ ಗೋಣಿಚೀಲ ಹೊದ್ದು ಸುಮ್ಮನೆ ಕೂತಿದೆ.

ಪೂಜೆಯ ದಿನ ಬೆಳಿಗ್ಗೆ ಲಾಳಿ, ಕತ್ತರಿ, ಸ್ಕೂಟರಿನ ಬೀಗದ ಕೈ ಎಲ್ಲವನ್ನೂ ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿದೆ. ಪ್ರತಿ ವರ್ಷ ಕಂಪ್ಯೂಟರಿನ ನೆತ್ತಿಗೆ ಒಂದು ಬೊಟ್ಟು ಇಟ್ಟು, ಚೆಂಡುಹೂವು ಸಿಕ್ಕಿಸಿ ಮುಗಿಸುತ್ತಿದ್ದೆ. ಈ ಸಲ ನನಗೇ ನಾಚಿಕೆಯಾಯಿತು. ಹದಿನೈದು ವರ್ಷ ಧೂಳಿನಲ್ಲಿ, ಕಂಪ್ಯೂಟರಿನ ಬೆನ್ನಿಗೆ ಅಂಟಿಕೊಂಡು ದುಡಿದ ಲಾಕಿಗೆ ಒಂದು ದಿನವಾದರೂ ಪೂಜೆ ಆಗಿದೆಯೇ? ಕಿತ್ತು ತಂದೆ. ಲಾಳಿಯ ಪಕ್ಕ ಇಟ್ಟೆ. ಲಾಳಿಗೆ ಹಾಲು, ನೀರು ಹಾಕಿದ ಹಾಗೆ ಅದಕ್ಕೂ ಹಾಕಿದೆ. ವಿಭೂತಿ ಬಳಿದು, ಕುಂಕುಮ ಇಟ್ಟು, ಮಂಗಳಾರತಿ ಎತ್ತಿದೆ. ನನ್ನ ಹೆಂಡತಿ ಶಿವರತ್ನಮ್ಮ ಪಕ್ಕದಲ್ಲೇ ನಿಂತು ಕೈ ಮುಗಿದಳು, ಆಗ ಒಂದು ಮಾತೂ ಆಡಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೂರನೆಯ ದಿನ ಲಾಕನ್ನು ಒರೆಸಿ, ಅದರ ಜಾಗದಲ್ಲಿ ಚುಚ್ಚಿ, ಕಂಪ್ಯೂಟರ್ ಹಾಕಿದೆ. ಲಾಕ್ ಇಲ್ಲ ಎಂದಿತು. ಇದೆಯಲ್ಲ, ಕಣ್ಣಿಲ್ಲವೇ ನಿನಗೆ ಎಂದು ತೆಗೆದು ಮತ್ತೆ ಚುಚ್ಚಿದೆ. ಇಲ್ಲ ಎಂದಿತು. ಊದಿದೆ, ಬಿಸಿಲಿಗಿಟ್ಟೆ, ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಭವ್ಯಳನ್ನು ಕರೆಸಿದೆ. ಅವಳು ಲಾಕಿನ ಮುಚ್ಚಳವನ್ನು ಪಿನ್ನಿನಿಂದ ಎಬ್ಬಿಸಿದಳು. ಒಳಗೆ ಕುಂಕುಮ ಬೆರೆತ ಹಾಲು ಮೊಸರಾಗಿತ್ತು.

"ಏನ್ ಸಾ ಇದು? ಹಾಲಾಕಿದ್ರಾ?"

"ಒಂಚೂರು."

ಅವಳು ಮೊದಲು ನಕ್ಕಳು. ಕಂಪ್ಯೂಟರನ್ನು ಒಂದು ಗಂಟೆ ಕೆದಕಿದ ಮೇಲೆ ನಗಲಿಲ್ಲ.

"ಫೈಲೆಲ್ಲ ಅವೆ ಸಾ. ಮುನ್ನೂರ ನಲವತ್ತು ಡಿಸೈನೂ ಇಲ್ಲೇ ಅವೆ. ಓದಕ್ಕಾಗಕಿಲ್ಲ ಅಷ್ಟೆ. ಆ ಕಂಪನಿ ಸಾಫ್ಟ್‌ವೇರ್ ಬುಟ್ರೆ ಬೇರೆ ಯಾವ್ದೂ ಇವುನ್ನ ತೆಗಿಯಕಿಲ್ಲ."

"ಡಿಸೈನು ನಮ್ದು ಕಣವ್ವ. ನಮ್ಮ ಕೆಂಪನಂಜಣ್ಣ ಬರ್ದಿರದು."

"ಬರ್ದಿರದು ನೀವೇ ಸಾ. ಆದ್ರೆ ಬರ್ದಿರೋ ಲಿಪಿ ಅವ್ರದು, ಅದ್ನ ಅವ್ರು ಯಾರ್ಗೂ ಏಳ್ಕೊಟ್ಟಿಲ್ಲ. ಎಲ್ಲಾ ಸಾಫ್ಟ್‌ವೇರೂ ಇಂಗಿರಕಿಲ್ಲ. ಲಿಪಿ ಬಿಚ್ಚಿಟ್ಟಿರೋವೂ ಅವೆ. ಒಬ್ರು ಅಂಗ್ಡಿ ಮುಚ್ಚುದ್ರೂ ಇನ್ನೊಬ್ರು ಓದ್ಬೋದು. ಅವತ್ತೇ ಏಳಿದ್ನಲ್ಲ, ಎಲ್ಲಾನೂ ಸಾದಾ ಚಿತ್ರ ಮಾಡಿ ಇನ್ನೊಂದ್ ಕಡೆ ಇಡಿ ಅಂತ."

ಹೇಳಿದ್ದಳು. ಆರು ವರ್ಷದ ಹಿಂದೆ ಹೇಳಿದ್ದಳು. ಓಡ್ತಿರೋ ಗಾಡೀನ ಯಾಕವ್ವ ಬಿಚ್ಚೀಯೆ ಎಂದು ನಾನೇ ಕಾಫಿ ಕುಡಿಸಿ ಕಳಿಸಿದ್ದೆ.

ಕಂಪನಿಗೆ ಫೋನ್ ಮಾಡಿದೆ. ಹಿಂದಿಗೆ ಒಂದು ಒತ್ತು, ಇಂಗ್ಲಿಷಿಗೆ ಎರಡು ಒತ್ತು. ಕನ್ನಡಕ್ಕೆ ಆರು. ಆರು ಒತ್ತಿದರೆ ಸಂಗೀತ. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗ ಬಂದು ಲಾಕಿನ ಮೇಲಿನ ನಂಬರ್ ಓದಿ ಎಂದ. ನಂಬರಿನ ಮೇಲೆ ವಿಭೂತಿ ಗಟ್ಟಿಯಾಗಿತ್ತು. ಉಗುರಿನಲ್ಲಿ ಕೆರೆದು ಕೆರೆದು ಓದಿದೆ.

"ಸರ್, ಈ ವರ್ಷನ್‌ಗೆ ಸಪೋರ್ಟ್ ನಿಲ್ಲಿಸಿ ಏಳು ವರ್ಷ ಆಗಿದೆ. ಇದು ಎಂಡ್ ಆಫ್ ಲೈಫ್ ಸರ್."

"ಯಾರ್ದಪ್ಪ ಲೈಫು?"

"ಪ್ರಾಡಕ್ಟ್‌ದು ಸರ್."

"ಮಗ್ಗ ಓಡ್ತಾ ಐತೆ. ಪೆಟ್ಟಿಗೆ ಓಡ್ತಾ ಐತೆ. ಕಂಪ್ಯೂಟರೂ ಓಡ್ತಾ ಐತೆ. ನಾನೂ ಓಡಾಡ್ಕಂಡಿವ್ನಿ. ಸತ್ತಿರೋರು ಯಾರು ಏಳು?"

"ಇನ್ನೊಂದು ಲಾಕ್ ಕೊಡಕ್ಕಾಗಲ್ಲ ಸರ್, ಅದನ್ನ ಈಗ ಮಾಡ್ತಿಲ್ಲ. ಹೊಸ ವರ್ಷನ್ ತಗೊಳ್ಳಿ, ವರ್ಷ ವರ್ಷ ಚಂದಾ ಇರುತ್ತೆ. ಆದರೆ ಹಳೇ ಫೈಲ್ ಅದರಲ್ಲಿ ಓಪನ್ ಆಗಲ್ಲ."

"ಮತ್ತೆ ಅದ್ನ ತಕಂಡು ನಾನೇನ್ ಮಾಡ್ಲಿ?"

"ಡಿಸೈನ್ ಹೊಸದಾಗಿ ಬರೆಸಬಹುದು ಸರ್."

ಆಮೇಲೆ ತನ್ನ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ. ನಾನು ಕೊಟ್ಟ ಉತ್ತರ ಕೇಳಿ ಶಿವರತ್ನಮ್ಮ ಒಳಗಿನಿಂದ ಓಡಿ ಬಂದು ಫೋನ್ ಕಿತ್ತುಕೊಂಡಳು. ಮರುದಿನ ಹೊಸ ವರ್ಷನ್ನಿನ ಕೊಟೇಶನ್ನು ಮಾತ್ರ ತಪ್ಪದೆ ಬಂತು.

ಹೊಸದಾಗಿ ಬರೆಸಬಹುದಂತೆ. ಬರೆದವರಿಗೆ ಕಣ್ಣು ಕಾಣುವುದಿಲ್ಲ ಎಂದು ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು.

ಕೆಂಪನಂಜಣ್ಣ ಯಳಂದೂರಿನವರು. ನಲವತ್ತು ವರ್ಷ ದಿನಾ ಬಸ್ಸಿನಲ್ಲಿ ಬಂದು ನಮ್ಮ ಮಗ್ಗಗಳಿಗೆ ಅಂಚು, ಸೆರಗು ಬರೆದರು. ಮೊದಲು ಚೌಕದ ಹಾಳೆಯ ಮೇಲೆ ಬರೆದು, ಆಮೇಲೆ ಒಂದೊಂದು ಕಾರ್ಡಿಗೂ ತಮ್ಮ ಕೈಯಿಂದಲೇ ತೂತು ಹೊಡೆಯುತ್ತಿದ್ದರು. ಎಲೆಕ್ಟ್ರಾನಿಕ್ ಪೆಟ್ಟಿಗೆ ತಂದಾಗ, ಅರವತ್ತರ ಹತ್ತಿರ ಇದ್ದ ಆ ಮನುಷ್ಯನನ್ನು ಕಂಪ್ಯೂಟರ್ ಮುಂದೆ ಕೂರಿಸಿ ಮೌಸ್ ಹಿಡಿಸಿದವನು ನಾನು. ಹಾಳೆಗಳನ್ನು ಇಟ್ಟಿರಲಿ ಎಂದು ಅವರು ಎರಡು ಸಲ ಕೇಳಿದ್ದರು. ಕಂಪ್ಯೂಟರಿಗೆ ಹಾಕಿದ ಮೇಲೆ ಕಸ ಯಾಕೆ ಎಂದು ಹಂಡೆ ಒಲೆಗೆ ಹಾಕಿದವನೂ ನಾನೇ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ತೆಗೆದುಕೊಂಡಿತು.

ಅವರ ಮೊಮ್ಮಗಳು ಕೋಮಲಳಿಗೆ ಮದುವೆ ಗೊತ್ತಾಗಿತ್ತು. ಇನ್ನು ಐದು ವಾರ. ಧಾರೆಗೆ ಸಂಪಿಗೆ ಮೊಗ್ಗಿನ ಅಂಚಿನ ಸೀರೆ ನಾನೇ ನೇಯಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೆಂಪನಂಜಣ್ಣ ಆ ಅಂಚನ್ನು ಬರೆದಿದ್ದು ಕೋಮಲಳ ತಾಯಿಯ ಮದುವೆಗೆ. ಆ ಸೀರೆಯಾದರೂ ಇದ್ದಿದ್ದರೆ ಎಳೆ ಎಣಿಸಿ ಅಂಚನ್ನು ತೆಗೆಯಬಹುದಿತ್ತು. ಅದು ಮಾಸಿ ಪಿಸಿದ ಮೇಲೆ, ಬೀದಿಯಲ್ಲಿ ಕೂಗಿಕೊಂಡು ಬರುವ ಹಳೇ ಜರಿಯವರಿಗೆ ಕೊಟ್ಟು, ಸೀರೆ ಬೆಂದು ಬೆಳ್ಳಿಯಾಗಿ ಎಷ್ಟೋ ಕಾಲವಾಗಿತ್ತು.

ಹೇಳುವ ಧೈರ್ಯವಾಗದೆ ಎಂಟು ದಿನ ತಳ್ಳಿದೆ. ಕೊನೆಗೆ ಅವರೇ ಫೋನ್ ಮಾಡಿದರು.

"ಮಗ್ಗಕ್ಕೆ ಹಾಸು ಏರ್ಸಿದ್ಯಾ ಶಾಂತಮೂರ್ತಿ? ಅಂಚು ಒಂದ್ ಮೊಳ ಆದೇಟ್ಗೆ ನನ್ನ ಕರ್ಕಂಡೋಗು. ಕಣ್ಣಿಗೆ ಕಾಣ್ದಿದ್ರೇನು, ಬೆರಳಿಗೆ ಕಾಣ್ತದೆ ಕಣಪ್ಪ."

ಹೇಳಿಬಿಟ್ಟೆ. ಹಾಲು, ಕುಂಕುಮ, ಕಂಪನಿ, ಎಲ್ಲವನ್ನೂ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಂಗಾರೆ ಓಯ್ತು ಅನ್ನು," ಎಂದರು. ಆಮೇಲೆ, "ಮುನ್ನೂರ ನಲವತ್ತೂ ಓಯ್ತಾ?" ಎಂದು ಕೇಳಿದರು.

ಫೋನಿಟ್ಟು ಕಂಪನಿಯವರ ಮೂರು ತಲೆಮಾರನ್ನು ಬಾಯಿಗೆ ಬಂದಂತೆ ಬೈದೆ. ಶಿವರತ್ನಮ್ಮ ಹುರುಳಿಕಾಳು ಆರಿಸುತ್ತಾ ಕೂತಿದ್ದಳು. ಎಲ್ಲ ಮುಗಿಯುವ ತನಕ ಕಾದು, "ಕಾರ್ಡಿದ್ವಲ್ಲ ರೀ?" ಎಂದಳು.

"ಹಾಳೆ ಜೊತೇಲೇ ಸುಟ್ಟಾಕುದ್ವಲ್ಲ."

"ಹಾಳೆ ಸುಟ್ರಿ. ಕಾರ್ಡು ದಪ್ಪ, ಒಲೇಲಿ ಒಗೆ ಬರ್ತದೆ ಅಂತ ನಾನೇ ಬೈದೆ. ಹನೂರ ಕಡೆ ಶಿವನಂಜಯ್ಯ ರೇಷ್ಮೆ ಗೂಡ್ ಮಾರಕ್ಕೆ ಬಂದಿದ್ದೋನು, ಹುಳದ್ ಮನೆ ಕಿಟ್ಕಿಗೆ ಕಟ್ಕತೀನಿ ಅಂತ ಆಟೋಲಿ ಏರ್ಕಂಡೋದ್ನಲ್ಲ."

"ಇದ್ನ ಇಷ್ಟ್ ದಿನ ಯಾಕ್ ಏಳ್ಲಿಲ್ಲ?"

"ನೀವ್ ಎಲ್ಲಿ ಕೇಳುದ್ರಿ? ಎಂಟ್ ದಿನದಿಂದ ಕಂಪನಿಯೋರ್ನ ಬೈಕಂಡು ಕುಂತಿದ್ರಿ."

ಮರುದಿನ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಯಳಂದೂರಿಗೆ ಹೋಗಿ, ಕಾರ್ಡಿನ ವಿಷಯ ಹೇಳಿ ಕೆಂಪನಂಜಣ್ಣನವರನ್ನು ಹತ್ತಿಸಿಕೊಂಡೆ. ದಾರಿಯಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರ್ ಒಂದು ಮುಂದೆ ಸಿಕ್ಕಿ, ಹಾರನ್ ಹೊಡೆದು ಹೊಡೆದು ನನ್ನ ಕೈ ನೋಯಿತು. ಹಾಡು ಹಾಕಿಕೊಂಡಿದ್ದ ಪುಣ್ಯಾತ್ಮ ಹಿಂದೆ ತಿರುಗಿ ಸಹ ನೋಡಲಿಲ್ಲ. ಕೆಂಪನಂಜಣ್ಣ ಮಾತ್ರ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಶಿವನಂಜಯ್ಯನ ಹುಳದ ಮನೆ ಹನೂರಿನಿಂದಾಚೆ ಹಿಪ್ಪುನೇರಳೆ ತೋಟದ ನಡುವೆ ಇತ್ತು. ನಮ್ಮನ್ನು ನೋಡಿದವನೇ ಎರಡು ಕೈಯನ್ನೂ ಅಡ್ಡ ಹಿಡಿದ.

"ಅಲ್ಲೇ ನಿಂತ್ಕಳಿ ಸಾವ್ಕಾರ್ರೇ. ಹುಳ ನಾಕ್ನೇ ಜ್ವರದಲ್ಲವೆ, ಪೊರೆ ಬಿಡ್ತಾ ಅವೆ. ಒಳೀಕ್ ಯಾರ್ನೂ ಬುಡಕಿಲ್ಲ."

"ನಿನ್ ಹುಳ ನಂಗ್ ಬ್ಯಾಡ ಕಣಪ್ಪ. ಕಿಟ್ಕೀಗ್ ಕಟ್ಟಿದ್ಯಲ್ಲ, ಆ ಕಾರ್ಡ್ ಬೇಕು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹದಿನೈದು ವರ್ಷದ ಹಿಂದೆ ಬಿಟ್ಟಿಯಾಗಿ ಕೊಟ್ಟ ರಟ್ಟನ್ನು ಕಾರಿನಲ್ಲಿ ಬಂದು ವಾಪಸ್ ಕೇಳುವವನನ್ನು ಇನ್ನು ಹೇಗೆ ನೋಡಬೇಕು? ಕಿಟಕಿಗೆ ಟಾರ್ಪಾಲು ಕಟ್ಟಿಸಿಕೊಡುತ್ತೇನೆ ಎಂದು ಒಪ್ಪಿಸುವಷ್ಟರಲ್ಲಿ ನನಗೆ ಬೆವರಿಳಿಯಿತು. ಹೊರಗಿನಿಂದಲೇ ಬಿಚ್ಚಿದೆವು. ದಾರದಿಂದ ಒಂದಕ್ಕೊಂದು ಪೋಣಿಸಿದ ಕಾರ್ಡುಗಳ ಸಾಲು, ಒಟ್ಟು ಒಂಬತ್ತು, ಒಂದೊಂದು ಸಾಲು ಒಂದೊಂದು ಅಂಚು. ಸುಣ್ಣ, ಬ್ಲೀಚಿಂಗ್ ಪೌಡರ್ ಮೆತ್ತಿಕೊಂಡು ಬೆಳ್ಳಗಾಗಿದ್ದವು. ನಂಬರೆಲ್ಲ ಅಳಿಸಿಹೋಗಿತ್ತು. ಕೆಳಗಿನವನ್ನು ಗೆದ್ದಲು ತಿಂದಿತ್ತು. ಇದರಲ್ಲಿ ಸಂಪಿಗೆ ಯಾವುದು ಎಂದು ಹೇಗೆ ಹುಡುಕುವುದು? ಹುಡುಕಲು ಬಂದವರಲ್ಲಿ ಒಬ್ಬರಿಗೆ ಕಣ್ಣಿಲ್ಲ, ಕಣ್ಣಿರುವ ನನಗೆ ಬರೀ ತೂತು ಕಾಣುತ್ತಿದೆ.

ಕೆಂಪನಂಜಣ್ಣ ಕಲ್ಲಿನ ಜಗಲಿಯ ಮೇಲೆ ಕೂತು, "ಕೊಡು ಇತ್ಲಾಗೆ" ಎಂದರು.

ಮೊದಲ ಸಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ಧೂಳು ಒರೆಸಿ, ಒಂದು ಕಾರ್ಡಿನ ತೂತುಗಳ ಮೇಲೆ ಎರಡು ಬೆರಳನ್ನು ಎಡದಿಂದ ಬಲಕ್ಕೆ ಸರಿಸಿದರು. ಮುಂದಿನದು. ಅದರ ಮುಂದಿನದು. ಐದಾರು ಕಾರ್ಡು ಆಗುತ್ತಲೇ, "ಇದು ಹಂಸ" ಎಂದು ಪಕ್ಕಕ್ಕಿಟ್ಟರು. ಎರಡನೆಯದು ಮಾವಿನಕಾಯಿ. ಮೂರನೆಯದು ರುದ್ರಾಕ್ಷಿ. ನಾಲ್ಕನೆಯದಕ್ಕೆ ಬಂದಾಗ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಸರಿಸಿದರು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು.

"ಮೊಗ್ಗು," ಎಂದರು. "ತೊಟ್ಟಿಂದ ಶುರುವಾಗ್ತದೆ. ಇದೇ ಕಣಪ್ಪ."

ಇದಕ್ಕೆ ಲಾಕ್ ಇಲ್ಲ, ಕಂಪನಿ ಇಲ್ಲ, ಆರು ಒತ್ತುವುದು ಇಲ್ಲ. ಹದಿನೈದು ವರ್ಷ ಹುಳದ ಮನೆಯ ಕಿಟಕಿಯಲ್ಲಿ ನೇತಾಡಿದರೂ, ಹೊಡೆದವರು ಬಂದು ಮುಟ್ಟಿದರೆ ಹೇಳುತ್ತದೆ. ಇದನ್ನು ನಾನು ಕಸ ಎಂದಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸಿತು.

"ಹದ್ನಾಕು ಕಾರ್ಡು ಗೆದ್ದಲಿಗೆ ಓಗವೆ ಅಣ್ಣ," ಎಂದೆ.

"ಓಗ್ಲಿ. ಮೊಗ್ಗು ಆ ಕಡೆ ಈ ಕಡೆ ಒಂದೇ. ಓಗಿರ್ದನ್ನ ಇರೋ ಕಡೆಯಿಂದ ತಕ್ಕಂತೀನಿ. ನಾನ್ ಏಳ್ತೀನಿ, ನೀನ್ ಬರ್ಕೊ. ಆ ಹುಡ್ಗಿ ಭವ್ಯಂಗೂ ಕೊಡು, ಚಿತ್ರ ಮಾಡಿ ಮಡೀಕಳ್ಳಿ. ಮೊದ್ಲು ಹಳೇ ಮಗ್ಗದ ಮ್ಯಾಲಿನ್ ಗೋಣಿಚೀಲ ತೆಗ್ಸು."

ಬರೆದುಕೊಳ್ಳಲು ಕಾಗದ ಹುಡುಕಿದೆ. ಜೇಬಿನಲ್ಲಿದ್ದದ್ದು ಕಂಪನಿಯ ಕೊಟೇಶನ್ ಒಂದೇ. ಅದರ ಹಿಂಬದಿ ಖಾಲಿಯಿತ್ತು. ಶಿವನಂಜಯ್ಯನ ಹತ್ತಿರ ಪೆನ್ನು ಇಸಿದುಕೊಂಡು ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತೆ. ಅವರು ಒಂದೊಂದೇ ಕಾರ್ಡು ಮುಟ್ಟಿ, ಎಣಿಸಿ, ಸರಿಯಿದೆ ಎಂದು ಮುಂದಕ್ಕೆ ತಳ್ಳುತ್ತಾ ಹೋದರು. ಬಿಸಿಲು ಜಗಲಿಯಿಂದ ಇಳಿದು ನನ್ನ ಬೆನ್ನಿಗೆ ಬಂತು. ನೂರು ದಾಟಿತು. ನೂರಾ ಹದಿನೇಳನೆಯ ಕಾರ್ಡಿನ ಬಲಗಡೆಯ ತುದಿಯಲ್ಲಿ ಬೆರಳು ತಡೆಯಿತು. ಹೆಬ್ಬೆರಳಿನಿಂದ ಆ ತೂತಿನ ಸುತ್ತ ನಿಧಾನವಾಗಿ ಸವರಿದರು. ಕಣ್ಣು ಹೋದ ಮೇಲೆ ಅವರ ಮುಖದಲ್ಲಿ ಇಂಥ ಸಿಟ್ಟನ್ನು ನಾನು ನೋಡಿರಲಿಲ್ಲ.

"ಬರ್ಕೊ. ಈ ಕೊನೇ ತೂತು ಮುಚ್ಬೇಕು. ಇದು ನಾನ್ ಹೊಡ್ದಿರದಲ್ಲ, ಇಲಿ ಕಡ್ದಿರದು."