ಸರ್ ಊರಲ್ಲೇ ಇದ್ದಾರೆ

ಹುಣಸಿದೊಡ್ಡಿಯಲ್ಲಿ ನನಗೊಂದು ಕೋಣೆ ಇದೆ. ಅದರೊಳಗೆ ಒಂದು ಹಲ್ಲುಜ್ಜುವ ಬ್ರಶ್ ಇದೆ. ನಾಲ್ಕು ವರ್ಷ ಆ ಬ್ರಶ್ ನೀರು ಕಂಡಿರಲಿಲ್ಲ, ಯಾಕೆಂದರೆ ನಾನು ಆ ಕೋಣೆಯಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ. ಸರ್ಕಾರಿ ನೌಕರ ತಾನು ಕೆಲಸ ಮಾಡುವ ಊರಲ್ಲೇ ವಾಸ ಇರಬೇಕು ಅಂತ ನಿಯಮ. ನಾನು ಅಲ್ಲಿನ ಶಾಲೆಯ ಮುಖ್ಯಗುರು. ವರ್ಷಕ್ಕೊಮ್ಮೆ ‘ಇದೇ ಊರಿನಲ್ಲಿ ವಾಸವಾಗಿರುತ್ತೇನೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಹಾಕಿ, ಸಂಜೆ ರಾಯಚೂರಿನ ನನ್ನ ಮನೆಗೆ ಬಸ್ಸು ಹಿಡಿಯುತ್ತಿದ್ದೆ. ಕೋಣೆಯ ಬಾಗಿಲಿಗೆ ‘ಅಂಬರೀಶ, ಮುಖ್ಯಗುರುಗಳು’ ಎಂಬ ಬೋರ್ಡು, ತಂತಿಯ ಮೇಲೆ ಒಂದು ಲುಂಗಿ. ಯಾರಾದರೂ ಕೇಳಿದರೆ ಸಾಕ್ಷಿಗೆ ಅಷ್ಟು ಸಾಕು ಅಂದುಕೊಂಡಿದ್ದೆ.

ಹೀಗಂತ ನನ್ನನ್ನು ಕಳ್ಳ ಅಂದುಕೊಳ್ಳಬೇಡಿ. ಮಾನ್ವಿ ತಾಲ್ಲೂಕಿನಲ್ಲಿ ನನಗಿಂತ ಶಿಸ್ತಿನ ಮಾಸ್ತರ ಇನ್ನೊಬ್ಬ ಇಲ್ಲ ಎಂದೇ ನಾನು ತಿಳಿದಿದ್ದೆ. ಐದು ನಿಮಿಷ ತಡವಾಗಿ ಬಂದ ಮಕ್ಕಳನ್ನು ಗೇಟಿನ ಹತ್ತಿರ ನಿಲ್ಲಿಸುತ್ತಿದ್ದೆ. ಸೋಮವಾರದ ಪ್ರಾರ್ಥನೆಯಲ್ಲಿ ಸತ್ಯದ ಬಗ್ಗೆ ಹತ್ತು ನಿಮಿಷ ಮಾತಾಡುತ್ತಿದ್ದೆ. ನಮ್ಮಪ್ಪ ಹಂಪಯ್ಯ ಕೂಲಿ ಮಾಡಿ ನನ್ನನ್ನು ಓದಿಸಿದ. ಓದಿದವನು ಸುಳ್ಳು ಹೇಳಬಾರದು ಅಂತ ಬಾಬಾಸಾಹೇಬರ ಫೋಟೋದ ಮುಂದೆ ನಿಲ್ಲಿಸಿ ಹೇಳಿದ್ದ. ಅದನ್ನೇ ಮಕ್ಕಳಿಗೂ ಹೇಳುತ್ತಿದ್ದೆ. ಆದರೆ ವಾಸದ ಪತ್ರವೂ ಸುಳ್ಳಿನ ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಎಲ್ಲರೂ ಬರೆಯುತ್ತಾರೆ ಬಿಡಿ, ಅದೊಂದು ಫಾರ್ಮು.

ಕೋಣೆ ಯಂಕಮ್ಮನದು. ಕುರಿ ಸಾಕಿ ಬದುಕಿದ ಮನೆತನ. ಈಗ ಮಗ ಸಿದ್ರಾಮ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ, ಅಲ್ಲೇ ಒಂದು ಸಣ್ಣ ರೂಮು ಮಾಡಿಕೊಂಡಿದ್ದಾನೆ. ಅವನ ಹೆಂಡತಿ ಮಲ್ಲೇಶ್ವರಿ ಅತ್ತೆಯ ಹತ್ತಿರ ಹುಣಸಿದೊಡ್ಡಿಯಲ್ಲಿ. ಪಿಯುಸಿ ಪಾಸಾದ ಹೆಣ್ಣುಮಗಳು, ಮಾತು ಕಡಿಮೆ. ಊರಿನ ಅಂಗನವಾಡಿಗೆ ಕಾರ್ಯಕರ್ತೆಯ ಹುದ್ದೆ ಖಾಲಿಯಾದಾಗ ಅರ್ಜಿ ಹಾಕಿದ್ದಳು. ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು ಬಂತು.

ಅಂಗನವಾಡಿಯ ನಿಯಮ ಇನ್ನೂ ಬಿಗಿ. ಅರ್ಜಿ ಹಾಕಿದವಳು ಅದೇ ಊರಿನ ನಿವಾಸಿ ಆಗಿರಬೇಕು. ಪಟ್ಟಿಯಲ್ಲಿ ಎರಡನೆಯವಳಾಗಿದ್ದವಳ ಕಡೆಯವರು ತಕರಾರು ಕೊಟ್ಟರು: ಮಲ್ಲೇಶ್ವರಿ ಗಂಡನ ಹತ್ತಿರ ಶಕ್ತಿನಗರದಲ್ಲಿರುತ್ತಾಳೆ, ಊರಲ್ಲಿರುವುದಿಲ್ಲ. ಮಾನ್ವಿಯ ಕಚೇರಿಯಿಂದ ಅಂಗನವಾಡಿ ಮೇಲ್ವಿಚಾರಕಿ ರೇಣುಕಮ್ಮ ನನಗೆ ಫೋನು ಮಾಡಿದರು. ಊರಿನ ಒಳಗಿನವರ ಮಾತು ನಂಬುವ ಹಾಗಿಲ್ಲ, ಎರಡು ಗುಂಪಾಗಿವೆ, ನೀವು ಹೊರಗಿನವರು, ನಿಜ ಏನು ಅಂತ ಬರೆದು ಕೊಡಿ, ಅದರ ಮೇಲೆ ತೀರ್ಮಾನ ಮಾಡುತ್ತೇನೆ ಅಂದರು. ನನಗೆ ಎದೆ ಉಬ್ಬಿತು. ಹೊರಗಿನವರು ಅಂದ ಮಾತು ಮಾತ್ರ ಕಿವಿಗೆ ಬೀಳಲಿಲ್ಲ.

ನಾನು ಕಂಡದ್ದನ್ನೇ ಬರೆದೆ. ಸೋಮವಾರ ಬೆಳಿಗ್ಗೆ ರಾಯಚೂರು ಬಸ್ ನಿಲ್ದಾಣದಲ್ಲಿ, ಏಳು ಹತ್ತರ ಸಿಂಧನೂರು ಬಸ್ಸಿನಲ್ಲಿ, ಮಲ್ಲೇಶ್ವರಿಯನ್ನು ಹಲವು ಸಲ ನೋಡಿದ್ದೆ. ಶನಿವಾರ ಗಂಡನ ಹತ್ತಿರ ಹೋಗಿ ಸೋಮವಾರ ಬರುತ್ತಿದ್ದಳು. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ನಾನು ಪೇಪರು ಬಿಚ್ಚಿ ಮುಖಕ್ಕೆ ಹಿಡಿಯುತ್ತಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಪೋತ್ನಾಳದಲ್ಲಿ ಇಳಿದು ಅವಳು ಆಟೋ ಹತ್ತುತ್ತಿದ್ದಳು, ನಾನು ಶಕೀಲ್‌ನ ಚಹಾದಂಗಡಿಯ ಹಿಂದೆ ನಿಲ್ಲಿಸಿದ ನನ್ನ ಬೈಕು ತೆಗೆಯುತ್ತಿದ್ದೆ. ಒಬ್ಬರನ್ನೊಬ್ಬರು ನೋಡೇ ಇಲ್ಲ ಎಂಬಂತೆ ಊರು ಸೇರುತ್ತಿದ್ದೆವು.

‘ಸದರಿಯವರು ಸೋಮವಾರದಂದು ರಾಯಚೂರಿನಿಂದ ಬಸ್ಸಿನಲ್ಲಿ ಬರುವುದನ್ನು ಸ್ವತಃ ಕಂಡಿದ್ದೇನೆ. ಇವರನ್ನು ಗ್ರಾಮದ ಖಾಯಂ ನಿವಾಸಿ ಎನ್ನಲು ಬರುವುದಿಲ್ಲ.’ ಸಹಿ, ಶಾಲೆಯ ಮೊಹರು, ದಿನಾಂಕ. ಕವರಿಗೆ ಹಾಕಿ ಗೋಂದು ಹಚ್ಚಿದೆ. ನಮ್ಮ ಕಡೆ ಕಚೇರಿಯ ಕಾಗದ ಅಂಚೆಗೆ ಹೋಗುವುದು ಕಡಿಮೆ, ಮಾನ್ವಿಗೆ ಹೋಗುವವರ ಕೈಯಲ್ಲಿ ಹೋಗುತ್ತದೆ. ಮರುದಿನ ಮಾನ್ವಿಗೆ ಹೋಗುವವಳು ಮಲ್ಲೇಶ್ವರಿಯೇ. ಅವಳ ಮೂಲ ದಾಖಲೆಗಳ ಪರಿಶೀಲನೆ ಇತ್ತು. ನಾನು ಹಿಂದೆ ಮುಂದೆ ನೋಡದೆ ಕವರು ಅವಳ ಕೈಗೆ ಕೊಟ್ಟು, ರೇಣುಕಮ್ಮನವರಿಗೆ ಮುಟ್ಟಿಸವ್ವ ಅಂದೆ. ಅವಳು ಕವರಿನ ಅಂಚಿನ ಮೇಲೆ ಬೆರಳಾಡಿಸಿ, ಆಯ್ತ್ರಿ ಸರ್ ಅಂದಳು.

ನನ್ನ ಹೆಂಡತಿ ಕಲ್ಯಾಣಿ ದೇವದುರ್ಗದಲ್ಲಿ ನರ್ಸು. ಅವಳೂ ರಾಯಚೂರಿನಿಂದಲೇ ಓಡಾಡುತ್ತಾಳೆ, ಆದರೆ ಯಾರಿಗೂ ಸತ್ಯದ ಪಾಠ ಹೇಳುವುದಿಲ್ಲ. ಅವತ್ತು ಊಟಕ್ಕೆ ಕೂತಾಗ ನಾನು ಪತ್ರದ ವಿಷಯ ತೆಗೆದೆ. ಒಳ್ಳೆಯ ಹುಡುಗಿ, ಆದರೆ ನಿಯಮ ಅಂದರೆ ನಿಯಮ, ಮನಸ್ಸು ಗಟ್ಟಿ ಮಾಡಿ ಬರೆದೆ ಅಂತ ಸ್ವಲ್ಪ ಕೊಚ್ಚಿಕೊಂಡೂ ಆಯಿತು. ಬಸ್ಸಿನಲ್ಲಿ ಕಂಡದ್ದನ್ನು ಬರೆದೆ ಅಂತ ಹೇಳಿದ ಕೂಡಲೇ ಅವಳ ಕೈಯ ರೊಟ್ಟಿ ತಾಟಿಗೆ ಬಿತ್ತು.

“ಆಕಿ ಆ ಬಸ್ಸಿನ್ಯಾಗ ಇದ್ದದ್ದು ನಿಮಗ ಹ್ಯಾಂಗ ಕಂಡಿತ್ರೀ?” ಅಂದಳು. “ಕಾಗದದ ಮ್ಯಾಲ ನೀವು ಹುಣಸಿದೊಡ್ಡ್ಯಾಗ ಮಲಗಿದ್ದವ್ರಲ್ಲಾ?”

ಅಯ್ಯೋ ದೇವರೇ, ನನ್ನ ಕಳ್ಳತನಕ್ಕೆ ನಾನೇ ಮೊಹರು ಒತ್ತಿ ಕಳಿಸಿದ್ದೆ. ತಕರಾರಿನ ಕಾಗದ ಅಂದಮೇಲೆ ಹತ್ತು ಜನ ಓದುತ್ತಾರೆ. ಯಾರೋ ಒಬ್ಬ ಇದನ್ನೇ ಕೇಳಿದರೆ ಮುಗಿಯಿತು, ನೋಟಿಸು, ವಿಚಾರಣೆ, ಮಾನ ಹರಾಜು. ಕಲ್ಯಾಣಿ ನಗತೊಡಗಿದಳು. ನಗು ನಿಂತ ಮೇಲೆ, ಪಾಪ ಆಕಿ ನೌಕರಿ ಹೋಗ್ತದಲ್ರೀ ಅಂದಳು. ಖರೆ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅವಳ ನೌಕರಿಯ ಚಿಂತೆ ಇರಲಿಲ್ಲ, ನನ್ನದೇ ಇತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಮಲ್ಲೇಶ್ವರಿ ಮನೆ ಬಿಡುವ ಮೊದಲೇ ಕವರು ಇಸಿದುಕೊಳ್ಳಬೇಕು, ಏನೋ ತಪ್ಪಾಗಿದೆ, ತಿದ್ದಿ ಕೊಡುತ್ತೇನೆ ಅನ್ನಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಹೋಗಿ ನೋಡಿದರೆ ಅವಳು ಹಾಲಿನ ಆಟೋದಲ್ಲಿ ಆಗಲೇ ಮಾನ್ವಿಗೆ ಹೋಗಿದ್ದಳು. ಯಂಕಮ್ಮ ನನ್ನ ಕೋಣೆಯ ಬಾಗಿಲು ತೆರೆದು ಕಸ ಹೊಡೆಯುತ್ತಿದ್ದಳು. ಒಳಗೆ ಬಲ್ಬು ಉರಿಯುತ್ತಿತ್ತು. ಹಗಲಲ್ಲಿ ಯಾಕೆ ದೀಪ ಅಂತ ಕೇಳಿದೆ.

ಯಂಕಮ್ಮ ಸೊಂಟ ನೆಟ್ಟಗೆ ಮಾಡಿ ನನ್ನನ್ನು ವಿಚಿತ್ರವಾಗಿ ನೋಡಿದಳು. ನಿನ್ನೆ ಸಂಜೆ ಮಲ್ಲೇಶ್ವರಿ ಹಾಕಿದ್ದು, ಇವತ್ತು ಗಡಿಬಿಡಿಯಲ್ಲಿ ಆರಿಸುವುದು ಮರೆತು ಹೋಗಿದ್ದಾಳೆ ಅಂದಳು. ಆಮೇಲೆ ಒಂದೊಂದೇ ಹೇಳಿದಳು. ನಾಲ್ಕು ವರ್ಷದಿಂದ ಸೊಸೆ ದಿನಾ ದೀಪ ಹಚ್ಚುವ ಹೊತ್ತಿಗೆ ನನ್ನ ಕೋಣೆಯ ಬಲ್ಬು ಹಾಕುತ್ತಾಳೆ. ಅವಳು ಶಕ್ತಿನಗರಕ್ಕೆ ಹೋದ ದಿನ ಯಂಕಮ್ಮ ಹಾಕುತ್ತಾಳೆ. ಹೋದ ವರ್ಷ ಸಂಜೆ ಆರಕ್ಕೆ ಒಬ್ಬ ಸಾಹೇಬರು ತಪಾಸಣೆಗೆ ಜೀಪಿನಲ್ಲಿ ಬಂದರಲ್ಲ, ಆವತ್ತು ಮಲ್ಲೇಶ್ವರಿ ಓಡಿ ಬಂದು ನನ್ನ ಲುಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ತಂತಿಗೆ ಹಾಕಿ, ಸರ್ ಊರಲ್ಲೇ ಇದ್ದಾರ್ರೀ, ಈಗ ಜಳಕ ಮಾಡಿ ಹೊರಗೆ ಹೋದರು ಅಂದಿದ್ದಳು.

“ಯಾಕ ಇಷ್ಟೆಲ್ಲಾ ಮಾಡ್ತೀಬೇ ಅಂತ ಕೇಳಿದೆ ನಾನು,” ಅಂದಳು ಯಂಕಮ್ಮ. “ಸರ್ ಪಾಠ ಚೊಲೋ ಹೇಳ್ತಾರ, ಎತ್ತಿ ಬ್ಯಾರೆ ಕಡೆ ಹಾಕಿಬಿಟ್ರ ನಮ್ಮ ಹುಡುಗರ ಗತಿ ಏನು ಅತ್ತಿ, ಅಂದ್ಳು.”

ಆವತ್ತಿನ ಸಾಹೇಬರು ಏನೂ ತಕರಾರಿಲ್ಲದೆ ಹೋದದ್ದಕ್ಕೆ ನಾನು ನನ್ನ ಒಳ್ಳೆಯ ಹೆಸರೇ ಕಾರಣ ಅಂದುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಹಾಗಂತ ಹೇಳಿಕೊಂಡೂ ಇದ್ದೆ. ನಾಚಿಕೆ ಅಂದರೆ ಏನು ಅಂತ ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ಇಡೀ ನಾಲ್ಕು ವರ್ಷ ನನ್ನನ್ನು ಆ ಊರಿನಲ್ಲಿ ಇರಿಸಿದವಳನ್ನು ನಾನು ಒಂದು ಹಾಳೆಯಲ್ಲಿ ಊರು ಬಿಡಿಸಿದ್ದೆ.

ಸಹಶಿಕ್ಷಕರಿಗೆ ಫೋನು ಮಾಡಿ ಅರ್ಧ ದಿನದ ರಜೆ ಹೇಳಿ ಬೈಕು ತಿರುಗಿಸಿದೆ. ಮಾನ್ವಿಯ ಕಚೇರಿಯ ಆವರಣದಲ್ಲಿ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಮಲ್ಲೇಶ್ವರಿ ಕೂತಿದ್ದಳು. ತೊಡೆಯ ಮೇಲೆ ಫೈಲು, ಫೈಲಿನ ಮೇಲೆ ನನ್ನ ಕವರು. ಒಡೆದಿರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, ಅದನ್ನು ಕೊಡು ಅಂತ ಕೈ ಚಾಚಿದೆ. ಯಾಕೆ ಅಂತ ಕೇಳದೆ ಕೊಟ್ಟಳು. ಕವರು ಅಂಗಿಯ ಜೇಬಿಗೆ ಬಿದ್ದಾಗ ಕುತ್ತಿಗೆಗೆ ಬಿಗಿದ ಹಗ್ಗ ಸಡಿಲವಾದ ಹಾಗಾಯಿತು. ಹಾಗೇ ಹೊರಟುಬಿಡಬಹುದಿತ್ತು. ಅಷ್ಟರಲ್ಲಿ ರೇಣುಕಮ್ಮ ಒಳಗಿನಿಂದ ಮಲ್ಲೇಶ್ವರಿಯ ಹೆಸರು ಕೂಗಿದರು. ಬಾಗಿಲಲ್ಲಿ ನನ್ನನ್ನು ನೋಡಿ, ಸರ್ ನೀವೇ ಬಂದಿರಿ, ಪತ್ರ ಎಲ್ಲಿ ಅಂದರು.

ಪತ್ರ ಇಲ್ಲ ಅಂದೆ. ಹಾಗಾದರೆ ಬಾಯಲ್ಲೇ ಹೇಳಿ, ಈಕೆ ಊರಲ್ಲಿರುತ್ತಾಳೋ ಇಲ್ಲವೋ ಅಂದರು. ಮೇಜಿನ ಆಚೆ ಇಬ್ಬರು ಗುಮಾಸ್ತರು ತಲೆ ಎತ್ತಿದರು. ಮಲ್ಲೇಶ್ವರಿ ಫೈಲು ಎದೆಗೆ ಅವುಚಿಕೊಂಡು ಗೋಡೆ ನೋಡುತ್ತಿದ್ದಳು.

“ಆಕಿ ಊರಾಗ ಇರ್ತಾಳ್ರೀ,” ಅಂದೆ. “ಐತವಾರ ಗಂಡನ ಕಡೆ ಹೋಗಿ ಬರ್ತಾಳ, ಅಷ್ಟ. ಊರಾಗ ಇಲ್ಲದಾವ ನಾನು.”

ಗುಮಾಸ್ತರೊಬ್ಬರು ಕೆಮ್ಮಿದರು. ರೇಣುಕಮ್ಮ ಒಂದು ಬಿಳಿ ಹಾಳೆ ನನ್ನ ಕಡೆ ಸರಿಸಿ, ನಿಮ್ಮದನ್ನು ಕೇಳುವವರು ಬೇರೆ ಇದ್ದಾರೆ ಸರ್, ನನಗೆ ಇವಳದ್ದಷ್ಟು ಬರೆದು ಕೊಡಿ ಅಂದರು. ಬರೆದೆ. ಅಷ್ಟು ಹಗುರ ಮನಸ್ಸಿನಿಂದ ನಾನು ಯಾವ ಸಹಿಯನ್ನೂ ಹಾಕಿಲ್ಲ. ಹೊರಗೆ ಬಂದಾಗ ಹೊಟ್ಟೆ ಚುರುಗುಟ್ಟಿತು. ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಎದುರಿನ ಹೋಟೆಲ್ಲಿನಲ್ಲಿ ಒಂದು ತಾಟು ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ತಿಂದೆ.

ಹದಿನೈದು ದಿನಕ್ಕೆ ಮಲ್ಲೇಶ್ವರಿಗೆ ಆದೇಶ ಬಂತು. ನಾನೇನು ಒಂದೇ ಏಟಿಗೆ ಹರಿಶ್ಚಂದ್ರ ಆಗಲಿಲ್ಲ. ವಾರದಲ್ಲಿ ಎರಡು ರಾತ್ರಿ ಹುಣಸಿದೊಡ್ಡಿಯಲ್ಲಿ ಮಲಗುತ್ತೇನೆ, ಉಳಿದ ದಿನ ಬಸ್ಸು. ಮೊದಲ ರಾತ್ರಿ ಫೋನು ಮಾಡಿದಾಗ ಕಲ್ಯಾಣಿ, ಲುಂಗಿ ನೀವೇ ಹಸಿ ಮಾಡಿಕೊಂಡಿರೋ ಹ್ಯಾಂಗ ಅಂತ ಕೇಳಿದಳು. ಈ ವರ್ಷದ ವಾಸದ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ, ಮೇಜಿನ ಮೇಲೆ ಬಿದ್ದಿದೆ. ಗೇಟಿನ ಹತ್ತಿರ ಮಕ್ಕಳನ್ನು ನಿಲ್ಲಿಸುವುದನ್ನು ಬಿಟ್ಟಿದ್ದೇನೆ.

ಆದೇಶ ಬಂದ ಮೇಲಿನ ಸೋಮವಾರ ಏಳು ಹತ್ತರ ಬಸ್ಸಿನಲ್ಲಿ ಅವಳಿದ್ದಳು. ನಾನು ಪೇಪರು ಮಡಿಚಿ ಚೀಲದಲ್ಲಿಟ್ಟು ಅವಳ ಪಕ್ಕದ ಸಾಲಿನಲ್ಲಿ ಹೋಗಿ ಕೂತೆ. ಬಸ್ಸು ಕಲ್ಲೂರು ದಾಟಿತು. ಕೊನೆಗೆ ನಾನೇ, ಆ ಕವರಿನಲ್ಲಿ ನಿನ್ನ ವಿರುದ್ಧ ಬರೆದಿದ್ದೆನವ್ವ ಅಂದೆ.

“ಗೊತ್ತಿತ್ರೀ ಸರ್,” ಅಂದಳು. “ಚೊಲೋದು ಬರದ್ರ ನೀವು ಎಲ್ಲಾರ ಮುಂದ ಓದಿ ಹೇಳಿ ಕೊಡ್ತೀರಿ. ಗೋಂದು ಹಚ್ಚಂಗಿಲ್ಲ.”

ಕವರು ಕೊಟ್ಟ ದಿನದ ಸಂಜೆ ನನಗೆ ನೆನಪಾಯಿತು. ಯಂಕಮ್ಮ ಹೇಳಿದ್ದಳು, ಆ ಸಂಜೆಯೂ ಬಲ್ಬು ಹಾಕಿದ್ದು ಮಲ್ಲೇಶ್ವರಿಯೇ ಅಂತ. ಗೊತ್ತಿದ್ದೂ ಅವತ್ತು ನನ್ನ ಕೋಣೆಗೆ ಯಾಕೆ ದೀಪ ಹಾಕಿದೆಯವ್ವ ಅಂತ ಕೇಳಿದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಿ ಮೊದಲ ಸಲ ನನ್ನನ್ನು ನೇರ ನೋಡಿದಳು.

“ಸಂಜಿ ಆಗಿತ್ತಲ್ರೀ,” ಅಂದಳು.