ಬೇಕಾದವರು ಎದ್ದು ನಿಲ್ಲಿ

ಹೊಲಿಗೆಯಕ್ಕನ ಕತ್ತರಿಗಿಂತ ಅವಳ ನಾಲಿಗೆಯೇ ಹರಿತ ಎಂದು ಬೀದಿಯವರು ಹೇಳುತ್ತಿದ್ದರು. ಸುತ್ತಮುತ್ತ ಅವಳಿಲ್ಲ ಎಂದು ಒಮ್ಮೆ ನೋಡಿಕೊಂಡೇ ಹೇಳುತ್ತಿದ್ದರು, ಅದು ಬೇರೆ ಮಾತು. ಮೊದಲ ಮಹಡಿಯಲ್ಲಿ ಅವಳ ಮನೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೊಂದು ನಿಲುವುಗನ್ನಡಿ. ಅಳತೆ ಕೊಡಲು ಬಂದವರು ಜೊತೆಗೆ ಒಂದಿಷ್ಟು ಬುದ್ಧಿಮಾತನ್ನೂ ಕಟ್ಟಿಸಿಕೊಂಡೇ ಹೋಗಬೇಕು. ಸೊಂಟದ ಅಳತೆ ಹೆಚ್ಚಾಗಿದ್ದರೆ ಅದನ್ನು ಕೆಳಗಿನ ಅಂಗಡಿಯವರಿಗೂ ಕೇಳುವಂತೆ ಓದುತ್ತಿದ್ದಳು. ಆದರೂ ಜನ ಬರುತ್ತಿದ್ದರು. ಅವಳ ಹೊಲಿಗೆ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ, ಮತ್ತೆ ಬೇರೆಯವರ ವಿಷಯದಲ್ಲಿ ಅವಳ ಮಾತು ಕೇಳಲು ಎಲ್ಲರಿಗೂ ಖುಷಿ.

ಅದೇ ಕಟ್ಟಡದ ಕೆಳಗೆ, ಮೆಟ್ಟಿಲ ಮಗ್ಗುಲಲ್ಲಿ, ಅವಳ ಗಂಡನ ಬೀಗ ರಿಪೇರಿಯ ಅಂಗಡಿ. ಅವಳು ಬೀದಿಗೆಲ್ಲ ಅಕ್ಕ ಆದ ಮೇಲೆ ಅವನು ಬೀದಿಗೆಲ್ಲ ಭಾವ ಆಗದೆ ವಿಧಿಯಿರಲಿಲ್ಲ. ಭಾವ ಮೆತ್ತಗಿನ ಮನುಷ್ಯ. ಕೀಲಿಕೈಯನ್ನು ಅರದಿಂದ ಉಜ್ಜಿ, ಬೆಳಕಿಗೆ ಹಿಡಿದು, ಮತ್ತೆ ಒಂದು ಎಳೆ ಉಜ್ಜುವ ಕೆಲಸದಲ್ಲಿ ಮಾತಿಗೆ ಜಾಗವೂ ಇರಲಿಲ್ಲ. ಮನೆಯ ಮಾತಿನ ಪಾಲನ್ನೆಲ್ಲ ಹೆಂಡತಿಗೇ ಬರೆದುಕೊಟ್ಟಿದ್ದಾನೆ ಎಂದು ಗೆಳೆಯರು ರೇಗಿಸುತ್ತಿದ್ದರು. ಅವನಿಗಿದ್ದದ್ದು ಒಂದೇ ದುರಭ್ಯಾಸ, ಸಿಗರೇಟು.

ಮನೆಯೊಳಗೆ ಹೊಗೆ ಬಿಡುವಂತಿರಲಿಲ್ಲ. ಗಿರಾಕಿಗಳ ಬಟ್ಟೆಗೆ ವಾಸನೆ ಹತ್ತಿದರೆ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ಅಕ್ಕ ಮದುವೆಯಾದ ಹೊಸದರಲ್ಲೇ ಕಾನೂನು ಮಾಡಿದ್ದಳು. ಹಾಗಾಗಿ ಭಾವ ಊಟದ ಮಧ್ಯೆ, ಮಾತಿನ ಮಧ್ಯೆ, ನೆಂಟರು ಕೂತಿರುವಾಗ, ಸದ್ದಿಲ್ಲದೆ ಎದ್ದು ಹೊರಗಿನ ಮೆಟ್ಟಿಲ ಕಟ್ಟೆಗೆ ಹೋಗುತ್ತಿದ್ದ. ಭಾವ ಎದ್ದ ಎಂದರೆ ಸೇದಲು ಹೊರಟ ಎಂದೇ ಅರ್ಥ, ಯಾರೂ ಕೇಳುತ್ತಿರಲಿಲ್ಲ. ಬಿಡುತ್ತೇನೆಂದು ಅವನು ಹಲವು ಸಲ ಹೇಳಿದ್ದ. ಹೇಳಿದ್ದನ್ನು ಉಳಿಸಿಕೊಳ್ಳಲಾಗದೆ ಸಿಕ್ಕಿಬಿದ್ದದ್ದೂ ಅಷ್ಟೇ ಸಲ. ಒಂದೊಂದು ಸೋಲೂ ಅಕ್ಕನ ಬಾಯಲ್ಲಿ ಒಂದೊಂದು ಕತೆಯಾಯಿತು. ನೀರಿನ ತೊಟ್ಟಿಯ ಹಿಂದೆ ಅಡಗಿ ಸೇದುತ್ತಿದ್ದವನ ತಲೆಯ ಮೇಲೆ ಹೊಗೆ ಏಳುವುದನ್ನು ಕಂಡು ಪಕ್ಕದ ಮನೆಯವರು ಬೆಂಕಿಯೆಂದು ಕೂಗಿದ್ದನ್ನು ಅವಳು ಹೇಳತೊಡಗಿದರೆ, ಅಳತೆ ಕೊಡುತ್ತಿದ್ದವರು ನಗುವಿನ ಭರದಲ್ಲಿ ಉಸಿರು ಬಿಗಿಹಿಡಿಯುವುದನ್ನೇ ಮರೆತು, ರವಿಕೆ ದೊಗಳೆಯಾಗಿ ಹೋಗುತ್ತಿತ್ತು. ಕೆಳಗೆ ಅಂಗಡಿಯಲ್ಲಿ ಕೂತ ಭಾವನಿಗೆ ಆ ನಗು ಚೆನ್ನಾಗಿ ಕೇಳುತ್ತಿತ್ತು. ಹಾಗೆಂದು ಅಕ್ಕನಿಗೆ ಅವನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಅವನು ಕೆಮ್ಮಿದ ದಿನ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಹೆದರಿಕೆಯನ್ನು ತಮಾಷೆ ಮಾಡಿ ಹೇಳುವುದು ಬಿಟ್ಟರೆ ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಬೀದಿಯ ಸಂಘದವರು ನಡೆಸುವ ಒಂದು ಚಿಕ್ಕ ಆರೋಗ್ಯ ಕೇಂದ್ರವಿತ್ತು. ಎರಡು ಕೋಣೆ, ಒಬ್ಬಳು ನರ್ಸ್, ಆಗೀಗ ಬಂದುಹೋಗುವ ಡಾಕ್ಟರು. ವರ್ಷಕ್ಕೊಮ್ಮೆ ಶಾಲೆಯ ಹಾಲಿನಲ್ಲಿ ಸಭೆ ಸೇರಿ, ಆ ವರ್ಷ ಕೇಂದ್ರಕ್ಕೆ ಹೊಸದಾಗಿ ಏನು ಬೇಕೆಂದು ಕೈಯೆತ್ತಿ ತೀರ್ಮಾನ ಮಾಡುತ್ತಿದ್ದರು. ಒಮ್ಮೆ ಯಾರದೋ ಮಾತಿಗೆ ಮರುಳಾಗಿ ಕಾಲು ಒತ್ತುವ ಯಂತ್ರ ತಂದರು. ಅದು ತಂದ ದಿನ ನಾಲ್ಕು ಜನರ ಕಾಲು ಒತ್ತಿ, ಆಮೇಲೆ ಮೂಲೆ ಸೇರಿ, ಹೊದಿಕೆ ಹೊದ್ದು ಮಲಗಿತು. ಮರುವರ್ಷ ಅಕ್ಕ ಸಭೆಯಲ್ಲಿ ಎದ್ದು ಒಂದು ನಿಯಮ ಮಾಡಿಸಿದಳು. ಯಾವ ಸೌಕರ್ಯವೇ ಆಗಲಿ, ಕೈಯೆತ್ತಿಸುವ ಮೊದಲು ಅದು ಬೇಕಾದವರು ಒಬ್ಬರಾದರೂ ಎದ್ದು ನಿಂತು ‘ನನಗೆ ಬೇಕು’ ಎಂದು ಹೇಳಬೇಕು. ಯಾರೂ ನಿಲ್ಲದಿದ್ದರೆ ಅದು ಬೇಡದ ವಸ್ತು, ಅಲ್ಲಿಗೆ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳ್ಳೆಯ ನಿಯಮವೇ. ರಕ್ತದೊತ್ತಡದ ಯಂತ್ರ ಬೇಕೆಂದು ಮುದುಕರೊಬ್ಬರು ನಿಂತರು, ಗಾಲಿಕುರ್ಚಿ ಬೇಕೆಂದು ಒಬ್ಬ ತಾಯಿ ನಿಂತಳು, ಎರಡೂ ಬಂದವು.

ಮೂರು ವರ್ಷದ ಹಿಂದಿನ ಸಭೆಯಲ್ಲಿ ಎರಡು ವಿಷಯಗಳಿದ್ದವು. ಬೀದಿಯ ಮಕ್ಕಳಿಗೆಲ್ಲ ಕಣ್ಣು ಪರೀಕ್ಷೆ ಮಾಡಿಸಿ, ಬೇಕಾದವರಿಗೆ ಕನ್ನಡಕ ಕೊಡಿಸುವುದು ಅಕ್ಕನ ಸಲಹೆ. ಇನ್ನೊಂದು ನರ್ಸಮ್ಮನದು. ವಾರಕ್ಕೊಂದು ಮಧ್ಯಾಹ್ನ ಕೇಂದ್ರದ ಒಂದು ಕೋಣೆಯನ್ನು ಸಿಗರೇಟು ಬಿಡಬೇಕೆನ್ನುವವರಿಗೆ ಮೀಸಲಿಡೋಣ ಎಂದಳು. ತೋಳಿಗೆ ಅಂಟಿಸಿಕೊಳ್ಳುವ ಪಟ್ಟಿ, ಅಗಿಯುವ ಗಮ್, ಉಸಿರಿನಲ್ಲಿ ಹೊಗೆಯ ವಿಷ ಎಷ್ಟಿದೆಯೆಂದು ತೋರಿಸುವ ಅಂಗೈಯಗಲದ ಯಂತ್ರ. ಚಟ ಹಿಡಿಸುವ ವಸ್ತು ಆ ಪಟ್ಟಿಯಿಂದ ಮೈಗೆ ಸ್ವಲ್ಪ ಸ್ವಲ್ಪ ಸಿಗುತ್ತದೆ, ಹೊಗೆ ಮಾತ್ರ ಇರುವುದಿಲ್ಲ, ಪುಪ್ಪುಸ ಸುಡುವುದು ಹೊಗೆಯೇ, ಪಟ್ಟಿಯನ್ನು ಬರಬರುತ್ತಾ ಕಡಿಮೆ ಮಾಡಿ ನಿಲ್ಲಿಸಬಹುದು ಎಂದು ಅವಳು ನಿಧಾನವಾಗಿ ವಿವರಿಸಿದಳು. ಹಾಲಿನಲ್ಲಿ ಗುಸುಗುಸು ಶುರುವಾಯಿತು.

“ಸೇದೋರು ಅವರು, ಖರ್ಚು ನಮ್ದಾ?” ಎಂದರೊಬ್ಬರು.

“ಮನಸ್ಸು ಗಟ್ಟಿ ಇದ್ರೆ ಪಟ್ಟಿಯೂ ಬೇಡ, ಗಿಟ್ಟಿಯೂ ಬೇಡ. ನಮ್ಮ ಮಾವ ಒಂದೇ ದಿನದಲ್ಲಿ ಬಿಟ್ರು.”

“ಹೌದು, ಅದೇ ದಿನ ಅವರನ್ನ ಆಸ್ಪತ್ರೆಗೆ ಸೇರಿಸಿದ್ರಲ್ಲ,” ಎಂದ ಪಕ್ಕದವನು.

ಆ ನಗು ಅಡಗುವ ಮೊದಲೇ ಅಕ್ಕ ವೇದಿಕೆ ಹತ್ತಿದ್ದಳು. ಸೇದುವವರನ್ನು ಕಂಡರೆ ತನಗೇನೂ ದ್ವೇಷವಿಲ್ಲ, ಒಬ್ಬರನ್ನು ಮನೆಯಲ್ಲೇ ಸಾಕಿದ್ದೇನೆ ಎಂದು ಆರಂಭಿಸಿದಳು. “ಆದ್ರೆ ಮಕ್ಕಳ ಕಣ್ಣು ಮೊದಲಾ, ದೊಡ್ಡವರ ಚಟ ಮೊದಲಾ ಅಂತ ನೀವೇ ಹೇಳಿ. ಮಗು ಬೇಕೂಂತ ಕಣ್ಣು ಮಂಜು ಮಾಡ್ಕೊಂಡಿಲ್ಲ. ಇವರು ಬೇಕೂಂತಾನೇ ಕಡ್ಡಿ ಗೀರಿದ್ದು. ಮಾಡಿದ್ದುಣ್ಣೋ ಮಹಾರಾಯ. ಇನ್ನು ಈ ಪಟ್ಟಿ, ಗಮ್ಮು. ಕಳ್ಳನ್ನ ಓಡಿಸೋಕೆ ಕಳ್ಳನ ತಮ್ಮನ್ನ ಕರ್ಕೊಂಡು ಬಂದು ಮನೇಲಿಟ್ಕೊಂಡ ಹಾಗಾಯ್ತು. ಆ ತಮ್ಮನ್ನ ಓಡಿಸೋಕೆ ಮುಂದಿನ ವರ್ಷ ಇನ್ಯಾರನ್ನ ತರ್ತೀರಿ?”

ಇಡೀ ಸಭೆ ನಗುವಿನಲ್ಲಿ ಮುಳುಗಿತು. ಮುಂದಿನ ಸಾಲಿನಲ್ಲಿದ್ದ ಡಾಕ್ಟರು ಕೂಡ ನಕ್ಕರು. ಅವರಿಗೆ ಗೊತ್ತಿರಬೇಕಿತ್ತು, ಆದರೂ ನಕ್ಕರು. ಸಂಘದ ಅಧ್ಯಕ್ಷರು ಮೇಜು ತಟ್ಟಿ ನಿಯಮದಂತೆ ಕೇಳಿದರು. “ಸಿಗರೇಟು ಬಿಡಿಸೋ ಕೋಣೆ. ಬೇಕಾದವರು ಎದ್ದು ನಿಲ್ಲಿ.”

ಯಾರೂ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಆಗಷ್ಟೇ ಊರ ಮುಂದೆ ಹರಾಜಾದವರ ಸಾಲಿಗೆ ತಾನಾಗಿ ಹೋಗಿ ಸೇರಲು ಯಾರಿಗೆ ಮನಸ್ಸಾದೀತು? ನರ್ಸಮ್ಮ ಹಿಂದಿನ ಸಾಲುಗಳ ಕಡೆ ನೋಡುತ್ತಿದ್ದಳು. ಆಗ ಕಿಟಕಿಯ ಪಕ್ಕದಲ್ಲಿ, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಭಾವ ಎದ್ದ. ತುಂಬುತೋಳಿನ ಅಂಗಿ, ಕತ್ತಿನವರೆಗೂ ಗುಂಡಿ. ಬೆಳಿಗ್ಗೆ ಅವನೇ ಇಸ್ತ್ರಿ ಮಾಡಿಸಿಕೊಂಡು ಹಾಕಿಕೊಂಡಿದ್ದ ಅಂಗಿ.

ಅಕ್ಕ ಅವನನ್ನು ಕಂಡಳು. ಇಷ್ಟು ವರ್ಷ ಅವನು ಏಳುವುದನ್ನು ಯಾವ ಅರ್ಥದಲ್ಲಿ ನೋಡಿದ್ದಳೋ ಅದೇ ಅರ್ಥದಲ್ಲಿ ಕಂಡಳು. ಮಾತು ತುಟಿಯ ತುದಿಯಲ್ಲೇ ಇತ್ತು.

“ನೋಡಿ, ನೋಡಿ. ಸಿಗರೇಟು ಅನ್ನೋ ಹೆಸರು ಕಿವಿಗೆ ಬಿದ್ದದ್ದೇ ತಡ, ನಮ್ಮನೆಯವರಿಗೆ ತಡೆಯೋಕಾಗ್ಲಿಲ್ಲ. ಹೊರಟ್ರು ಹೊರಗೆ. ಹೋಗಿಬನ್ನಿ, ಹೋಗಿಬನ್ನಿ, ಸಭೆ ನಾವು ನಡೆಸ್ತೀವಿ.”

ಆವತ್ತಿನಂಥ ನಗು ಹಿಂದೆಂದೂ ಆ ಹಾಲಿನಲ್ಲಿ ಕೇಳಿರಲಿಲ್ಲ. ಜನ ಕುರ್ಚಿ ತಿರುಗಿಸಿ ನೋಡಿದರು. ಭಾವ ಒಂದು ಕ್ಷಣ ಹಾಗೇ ನಿಂತಿದ್ದ, ಬಾಯಿ ಅರೆ ತೆರೆದಿತ್ತು. ಆಮೇಲೆ ಅವನೂ ನಕ್ಕ. ಜೇಬು ತಡಕಿದಂತೆ ಮಾಡಿ, ಕೂತವರ ಮೊಣಕಾಲು ದಾಟಿಕೊಂಡು, ಬಾಗಿಲ ಹೊರಗೆ ಹೋದ. ನರ್ಸಮ್ಮ ಏನೋ ಹೇಳಹೊರಟದ್ದು ಯಾರಿಗೂ ಕೇಳಲಿಲ್ಲ. ಎದ್ದು ನಿಂತವರು ಯಾರೂ ಇಲ್ಲ ಎಂದರು ಅಧ್ಯಕ್ಷರು. ಮಕ್ಕಳ ಕನ್ನಡಕಕ್ಕೆ ಎಲ್ಲ ಕೈಗಳೂ ಮೇಲೆದ್ದವು.

ಕನ್ನಡಕ ಬಂದವು, ಮಕ್ಕಳು ಹಾಕಿಕೊಂಡರು, ಓದಿದರು. ಅದರಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಈ ಕತೆಯ ಸಂಕಟವೂ ಅದೇ. ಅಕ್ಕ ಕೆಟ್ಟದ್ದನ್ನೇನೂ ಕೇಳಿರಲಿಲ್ಲ.

ಭಾವ ಮಾತ್ರ ಅಲ್ಲಿಂದಾಚೆ ಬಿಡುತ್ತೇನೆಂಬ ಮಾತು ಎತ್ತಲಿಲ್ಲ. ಮೊದಲಿಗಿಂತ ಹೆಚ್ಚೇ ಸೇದಿದ. ಕೆಮ್ಮು ಎದೆಗಿಳಿಯಿತು, ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂರತೊಡಗಿದ, ಕೀಲಿಕೈ ಉಜ್ಜುವಾಗ ಕೈ ನಡುಗತೊಡಗಿತು. ಕೊನೆಗೊಂದು ದಿನ ಅಂಗಡಿಯಲ್ಲೇ ಉಸಿರು ಕಟ್ಟಿ ಕುಸಿದ. ದೊಡ್ಡ ಆಸ್ಪತ್ರೆಯವರು ಚಿತ್ರ ತೆಗೆದು ತೋರಿಸಿದರು. ಹೋದ ಪುಪ್ಪುಸ ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಈಗ ಅವನು ಮುಂದಿನ ಕೋಣೆಯ ಕಿಟಕಿಯ ಹತ್ತಿರ, ಮಂಚದ ಮೇಲೆ ದಿಂಬಿಗೊರಗಿ ಕೂತಿರುತ್ತಾನೆ. ಮೂಗಿಗೆ ನಳಿಕೆ, ಪಕ್ಕದಲ್ಲಿ ಗೊರ್ ಎನ್ನುವ ಆಕ್ಸಿಜನ್ ಯಂತ್ರ. ಅಕ್ಕನ ಹೊಲಿಗೆ ಯಂತ್ರ ನಿಂತಾಗ ಅದರ ಸದ್ದೊಂದೇ ಉಳಿಯುತ್ತದೆ. ಸಿಗರೇಟು ತಾನಾಗಿ ಬಿಟ್ಟುಹೋಯಿತು, ಮನೆ ಸುಟ್ಟ ಮೇಲೆ ಬೆಂಕಿ ಆರಿದ ಹಾಗೆ.

ನರ್ಸಮ್ಮ ವಾರಕ್ಕೊಮ್ಮೆ ಬಂದು ನೋಡಿಹೋಗುತ್ತಿದ್ದಳು. ಒಂದು ಮಧ್ಯಾಹ್ನ ಭಾವನಿಗೆ ಜೋಂಪು ಹತ್ತಿತ್ತು. ಅಕ್ಕ ಅವಳನ್ನು ಕಳಿಸಲು ಮೆಟ್ಟಿಲ ಕಟ್ಟೆಯವರೆಗೆ ಬಂದಳು. ಬಂದವರೆಲ್ಲರ ಬಳಿ ಹಾಡಿಕೊಳ್ಳುವ ಹಾಡನ್ನೇ ಅವಳ ಮುಂದೆಯೂ ತೆಗೆದಳು.

“ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಯ್ತು ಸಿಸ್ಟರ್. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಒಂದು ಸಲನಾದ್ರೂ ಮನಸ್ಸಿಟ್ಟು ಬಿಡೋಕೆ ನೋಡಿದ್ರಾ ಈ ಮನುಷ್ಯ?”

ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡವಳು ಮತ್ತೆ ಕೆಳಗಿಟ್ಟಳು. “ನೋಡಿದ್ರು ಅಕ್ಕ,” ಎಂದಳು. “ಹೇಳಬೇಡಿ ಅಂದಿದ್ರು, ಅದಕ್ಕೆ ಇಷ್ಟು ದಿನ ಸುಮ್ಮನಿದ್ದೆ. ಇವತ್ತು ನೀವು ಹೀಗಂದ್ರೆ ನನಗೆ ತಡೆಯೋಕಾಗ್ತಿಲ್ಲ.”

ಆ ಸಭೆಗೆ ಮೊದಲು ಭಾವ ತಾನಾಗಿ ಕೇಂದ್ರಕ್ಕೆ ಬಂದಿದ್ದನಂತೆ. ಯಾರೋ ಮಾದರಿಗೆ ಕೊಟ್ಟಿದ್ದ ಪಟ್ಟಿಗಳಿದ್ದವು, ಎರಡು ವಾರಕ್ಕಾಗುವಷ್ಟು. ಅಷ್ಟೂ ದಿನ ಅವನು ಒಂದು ಸಿಗರೇಟನ್ನೂ ಮುಟ್ಟಿರಲಿಲ್ಲ. ಮನೆಯಲ್ಲಿ ಗೊತ್ತಾಗಬಾರದೆಂದು ವಾಡಿಕೆಯಂತೆ ಎದ್ದು ಕಟ್ಟೆಗೆ ಬಂದು, ಬರಿಗೈಯಲ್ಲಿ ನಿಂತು, ಪೆಪ್ಪರಮಿಂಟು ಚೀಪಿ ಒಳಗೆ ಹೋಗುತ್ತಿದ್ದ. ಈ ಸಲ ಗೆದ್ದ ಮೇಲೇ ಅವಳಿಗೆ ಹೇಳುತ್ತೇನೆ, ಸೋತರೆ ಮತ್ತೊಂದು ಕತೆಯಾಗುತ್ತದೆ ಎಂದಿದ್ದ. ಉಸಿರಿನ ಯಂತ್ರವನ್ನು ನರ್ಸಮ್ಮ ಬೇರೆ ಕಡೆಯಿಂದ ಕಡ ತಂದು ಊದಿಸಿದಾಗ, ಅದರ ಅಂಕಿ ಇಳಿದದ್ದು ನೋಡಿ ಚಿಕ್ಕ ಮಗುವಿನ ಹಾಗೆ ಮತ್ತೆ ಮತ್ತೆ ಊದಿದ್ದ.

“ಪಟ್ಟಿ ಮುಗೀತು ಅಕ್ಕ. ಇನ್ನೂ ಎರಡು ತಿಂಗಳಾದ್ರೂ ಬೇಕಿತ್ತು. ಸಭೆ ಒಪ್ಪಿದ್ರೆ ಮಾತ್ರ ತರಿಸಬಹುದು, ನೀವೊಬ್ರು ನಿಂತರೆ ಉಳಿದವರೂ ನಿಲ್ತಾರೆ ಅಂತ ಅವರಿಗೆ ಹೇಳ್ದೆ. ಜನರೆದುರು ನಂಗೆ ಮಾತು ಬರಲ್ಲ, ನೀವೇ ಹೇಳಿಕೊಡಿ, ಬಾಯಿಪಾಠ ಮಾಡ್ತೀನಿ ಅಂದ್ರು. ‘ನನಗೆ ಬೇಕು. ಬಿಡಬೇಕು ಅಂತ ಆಸೆ ಇದೆ, ಒಬ್ಬನ ಕೈಲಿ ಆಗ್ತಿಲ್ಲ.’ ಇಷ್ಟೇ. ಅದನ್ನ ಹೇಳೋಕೇ ಅವತ್ತು ಎದ್ದದ್ದು.”

ಅಕ್ಕ ಕಟ್ಟೆಯ ಕಂಬಿ ಹಿಡಿದುಕೊಂಡಳು. ಆ ದಿನಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಅಂಗಿಯ ತೋಳು ಮಡಚದೆ ಸೆಕೆಯಲ್ಲಿ ಬೆವರುತ್ತಿದ್ದವನು. ತೋಳಿನ ಪಟ್ಟಿ ಕಣ್ಣಿಗೆ ಬಿದ್ದಾಗ ನೋವಿನ ಪಟ್ಟಿ ಎಂದದ್ದು. ಪಾಪ, ಅರ ಹಿಡಿದು ಹಿಡಿದು ಭುಜ ನೋಯುತ್ತಿದೆ ಎಂದು ತಾನು ಎಣ್ಣೆ ತಿಕ್ಕಿದ್ದು. ತಿಕ್ಕುವಾಗಲೂ ಬಾಯಿ ಸುಮ್ಮನಿತ್ತೇ? ಕೆಮ್ಮು ಕಡಿಮೆಯಾಗಿದೆ ನೋಡಿ, ನಾನು ಬೈದದ್ದು ಈಗ ನಾಟಿತು ಎಂದಿದ್ದಳು. ಅವನು ಹ್ಞೂಂ ಎಂದಿದ್ದ. ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ ಜನರೆದುರು ಬಾಯಿ ತೆರೆಯಲು ಎದ್ದವನನ್ನು, ಬೇರೆ ಯಾರೂ ಅಲ್ಲ, ತಾನೇ ಕೂರಿಸಿದ್ದಳು. ಕೂರಿಸಿದ್ದೂ ಅಲ್ಲ, ಸೇದಲು ಕಳಿಸಿಕೊಟ್ಟಿದ್ದಳು.

“ಈ ಸಲದ ಸಭೇಲಿ ನಾನು ಮಾತಾಡ್ತೀನಿ ಸಿಸ್ಟರ್,” ಎಂದಳು. “ಆ ಕೋಣೆ ಆಗಲೇಬೇಕು ಅಂತ ಹೇಳ್ತೀನಿ. ಎಲ್ಲರನ್ನೂ ಒಪ್ಪಿಸ್ತೀನಿ.”

“ಮಾತಾಡೋರಿಗೇನು ಬರ ಇಲ್ಲ ಅಕ್ಕ. ನಿಲ್ಲೋರು ಬೇಕು. ಮೂರು ನಾಲ್ಕು ಜನಾನ ಕೇಳ್ದೆ. ಬಿಡೋ ಆಸೆ ಎಲ್ಲರಿಗೂ ಇದೆ. ಅವತ್ತು ಸಭೇಲಿ ಭಾವಂಗೆ ಆದ ಹಾಗೆ ನಮಗೂ ಆದರೆ ಅಂತಾರೆ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಕ್ಕನಿಗೆ ಎಷ್ಟೋ ಸಲೀಸಾಗುತ್ತಿತ್ತು. ನರ್ಸಮ್ಮ ಮೆಟ್ಟಿಲಿಳಿದು ಹೋದಳು. ಕೆಳಗೆ ಮುಚ್ಚಿದ ಅಂಗಡಿಯ ಮುಂದೆ ಯಾರೋ ಸೈಕಲ್ ಒರಗಿಸಿಟ್ಟಿದ್ದರು.

ಅಕ್ಕ ಒಳಗೆ ಬಂದಾಗ ಭಾವ ಎಚ್ಚರವಾಗಿದ್ದ. ಅವಳು ಯಂತ್ರದ ಮುಂದೆ ಕೂರದೆ ಅವನ ಮಂಚದ ಅಂಚಿನಲ್ಲಿ ಕೂತಳು. ನಳಿಕೆ ಸರಿಮಾಡಿದಳು, ಸರಿಯಾಗಿಯೇ ಇದ್ದ ಹೊದಿಕೆಯನ್ನೂ ಸರಿಮಾಡಿದಳು.

“ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು.”

“ಕೇಳು.”

“ಮಕ್ಕಳ ಕನ್ನಡಕದ ಸಭೇಲಿ ನೀವು ಎದ್ದು ನಿಂತ್ರಲ್ಲ. ಯಾಕೆ ಎದ್ರಿ?”

ಭಾವ ಅವಳ ಮುಖವನ್ನೇ ನೋಡಿದ. ಅವಳ ಕಣ್ಣು ಕೆಂಪಾಗಿತ್ತು. ಬಾಗಿಲ ಕಡೆ, ನರ್ಸಮ್ಮ ಹೋದ ಮೆಟ್ಟಿಲ ಕಡೆ ಒಮ್ಮೆ ನೋಡಿ ಮತ್ತೆ ಇವಳ ಕಡೆ ತಿರುಗಿದ. ಬೀಗದೊಳಗಿನ ಅಡೆತಡೆಯನ್ನು ಬೆರಳಿನಿಂದಲೇ ಗುರುತಿಸುತ್ತಿದ್ದ ಮನುಷ್ಯ, ಅವನಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಉಸಿರು ಎಳೆದುಕೊಂಡ. ಅದು ಸಾಲದೆ ಇನ್ನೊಂದು ಎಳೆದುಕೊಂಡ.

“ಸೇದೋಕೆ ಕಣೇ,” ಎಂದ. “ನೀನೇ... ಹೇಳಿದ್ಯಲ್ಲ. ತಡೆಯೋಕಾಗ್ಲಿಲ್ಲ.”

“ನಿಜಾನಾ?”

“ನಿನ್ನಾಣೆ,” ಎಂದು ಅವನು ಅವಳ ಕೈಮೇಲೆ ಕೈಯಿಟ್ಟ.

ಆ ನೋವಿನ ಪಟ್ಟಿಯದೊಂದನ್ನು ಬಿಟ್ಟರೆ, ಈ ಗಂಡ ಜೀವಮಾನದಲ್ಲಿ ಅವಳಿಗೆ ಹೇಳಿದ ಸುಳ್ಳುಗಳೆಲ್ಲ ಸೇದಿಲ್ಲ ಎಂಬ ಸುಳ್ಳುಗಳೇ. ಪ್ರತಿ ಸಲವೂ ಅವಳು ಅವನನ್ನು ಹಿಡಿದುಹಾಕಿದ್ದಳು, ಹಿಡಿದದ್ದನ್ನು ಬೀದಿಗೆಲ್ಲ ಹೇಳಿ ನಗಿಸಿದ್ದಳು. ಸೇದಲು ಹೋದೆ ಎಂದು ಅವನು ಹೇಳಿದ ಸುಳ್ಳು ಇದೊಂದೇ. ಅಕ್ಕ ಅದನ್ನು ನಂಬಿದವಳಂತೆ ತಲೆಯಾಡಿಸಿ, ಅವನ ಕೈ ಬಿಡದೆ ಅಲ್ಲೇ ಕೂತಳು.