ಶೇಂಗಾ ಸುಲಿಯುವವರ ಎದುರು

ಹೆಂಗಸು ಪತ್ತೇದಾರಿ ಕಥೆ ಬರೆಯುತ್ತಾಳೆ ಅಂದರೆ ಆಗ ಜನ ನಗುತ್ತಿದ್ದರು. ನಾನೋ ದೆವ್ವದ ಕಥೆ, ರಾಜರಾಣಿಯರ ಕಥೆ, ಅತ್ತೆ ಸೊಸೆಯರ ಕಥೆ, ಎಲ್ಲದಕ್ಕೂ ಕೈ ಹಾಕಿದವಳು. ಕುರುಗೋಡಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದು, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೆ. ಬಳ್ಳಾರಿಯಲ್ಲಿ ಮಾಸಪತ್ರಿಕೆ ನಡೆಸುತ್ತಿದ್ದ ವೆಂಕಣ್ಣನವರು ಒಂದನ್ನೂ ಬಿಡದೆ ಹಿಂದಕ್ಕೆ ಕಳಿಸಿದರು. 1951ರ ಬೇಸಿಗೆಯಲ್ಲಿ ನಾನೇ ಹೋಗಿ ಕೇಳಿದಾಗ, ಇನ್ನೊಂದು ಕಥೆ ನೋಡುತ್ತೇನೆ, ಅದೂ ಹೀಗೇ ಇದ್ದರೆ ಇನ್ನು ಕಳಿಸುವುದು ಬೇಡ ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ನಾನು ಬಾಡಿಗೆಗಿದ್ದದ್ದು ಉಚ್ಚೆಂಗೆಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಸುಲಿಯಬೇಕು, ಕಾಳಿನ ಸಿಪ್ಪೆ ಹರಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಮಳೆಗೆ ಮುಂಚೆ ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಸೇರುತ್ತಿದ್ದರು. ಅವರ ಗದ್ದಲದಲ್ಲಿ, ವೆಂಕಣ್ಣನವರಿಗೆ ಕಳಿಸಬೇಕಿದ್ದ ಆ ಕೊನೆಯ ಕಥೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಜಗಳವಾಡಲೆಂದೇ ಎದ್ದು ಹೋದೆ. ಉಚ್ಚೆಂಗೆಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿ, ಒಳಗೆ ಕೂತು ಬರೆಯುವುದನ್ನು ನಮಗೂ ಓದಿ ಹೇಳಿ ಎಂದಳು.

ಓದಿದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ನಡೆದ ಕೊಲೆಯ ಕಥೆ. ಚಂದ್ರೋದಯ, ನಾಯಕನ ಕೋಟು, ಅವನ ಹಣೆಯ ಗೆರೆ, ಎಲ್ಲ ವಿಸ್ತಾರವಾಗಿತ್ತು. ಸುಲಿಯುವ ಕೈಗಳು ಪಟಪಟ ನಡೆದೇ ಇದ್ದವು. ಇಬ್ಬರಂತೂ ತಮ್ಮ ಮಾತಿಗೆ ತೊಡಗಿದರು. ಮೈಯೆಲ್ಲ ಉರಿದು ಹಾಳೆ ಮಡಚಿಟ್ಟೆ. ಗಿರಣಿಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು, ಒಡೆದು ನೋಡಿದರೆ ಹೆಣವೊಂದೇ ಇತ್ತು ಎಂದು ಬಾಯಲ್ಲೇ ಹೇಳಿಬಿಟ್ಟೆ. ಕೈಗಳು ನಿಂತವು.

"ಮತ್ತ ಕೊಂದಾವ ಹೆಂಗ ಹೊರಗ ಬಂದ, ಅಕ್ಕೋರ?" ಎಂದಳು ಉಚ್ಚೆಂಗೆಮ್ಮ.

ನನಗೆ ಗೊತ್ತಿರಲಿಲ್ಲ. ಅದನ್ನು ಮುಚ್ಚಲಿಕ್ಕೇ ಅಷ್ಟೊಂದು ಚಂದ್ರೋದಯ ಬರೆದಿದ್ದೆ. ನಾಳೆ ಹೇಳುತ್ತೇನೆ ಎಂದು ಎದ್ದು ಬಂದವಳು ಬೆಳಗಿನವರೆಗೆ ಅದನ್ನೇ ಯೋಚಿಸಿದೆ. ಕೊಂದವನು ಹೊರಗೆ ಬಂದೇ ಇರಲಿಲ್ಲ. ತೌಡಿನ ರಾಶಿಯ ಹಿಂದೆ ಅಡಗಿದ್ದು, ಬಾಗಿಲು ಒಡೆದವರ ಗುಂಪಿನಲ್ಲಿ ಸೇರಿಕೊಂಡಿದ್ದ. ಮರುದಿನ ಇದನ್ನು ಕೇಳುವಾಗ ಯಾರೂ ಒಂದು ಕಾಯಿಯನ್ನೂ ಸುಲಿಯಲಿಲ್ಲ.

ಅಂದಿನಿಂದ ಅದೇ ನನ್ನ ಪದ್ಧತಿಯಾಯಿತು. ಮೊದಲು ಅವರೆದುರು ಹೇಳುವುದು, ಕೈ ನಿಂತದ್ದನ್ನು ಉಳಿಸಿಕೊಂಡು ಕೈ ಓಡಿದ್ದನ್ನು ಹೊಡೆದುಹಾಕುವುದು, ಆಮೇಲೆ ಬರೆಯುವುದು. ದೆವ್ವಕ್ಕೂ ರಾಣಿಗೂ ಅದೇ ನ್ಯಾಯ. ಕೆಲಸ ಹಿಂದೆ ಬಿತ್ತೆಂದು ಉಚ್ಚೆಂಗೆಮ್ಮನ ಗಂಡ ಮಾರೆಣ್ಣ ಗೊಣಗಿದ. ಆಮೇಲೆ ಅವನೂ ಬಾಗಿಲ ಬಳಿ ಬಂದು ಕೂತ.

ಗಿರಣಿಯ ಕಥೆಯನ್ನು ವೆಂಕಣ್ಣನವರು ಅಚ್ಚು ಹಾಕಿದರು. ಪತ್ರಿಕೆ ಕೈಸೇರುವ ಹೊತ್ತಿಗೆ ಬಿತ್ತನೆಯೇ ಮುಗಿದಿತ್ತು, ಸುಲಿಯಲು ಏನೂ ಉಳಿದಿರಲಿಲ್ಲ. ಆದರೂ ಕರೆದ ಕೂಡಲೇ ಎಲ್ಲರೂ ಬಂದರು. ಅಚ್ಚಾದ ನನ್ನ ಹೆಸರು ತೋರಿಸಿ, ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಉಚ್ಚೆಂಗೆಮ್ಮ ಆ ಹೆಸರಿನ ಮೇಲೆ ಬೆರಳಾಡಿಸಿ, ಪತ್ರಿಕೆಯನ್ನು ಮಡಚಿ ನನ್ನ ತೊಡೆಯ ಮೇಲಿಟ್ಟಳು.

"ಇದು ನಮಗ ಗೊತ್ತೈತಿ. ಹೊಸಾದು ಹೇಳ್ರಿ."

ಅಚ್ಚಿನಲ್ಲಿ ಹೆಸರು ಕಂಡಾಗ ಬಾರದ ಅಳು ಈಗ ಬಂತು. ಈ ಹೆಂಗಸರ ಉಪಕಾರವನ್ನು ನಾನು ಎಂದೂ ತೀರಿಸಲಾರೆ ಅನ್ನಿಸಿತು. ಕಣ್ಣೊರೆಸಿಕೊಂಡು, ಒಂದೂರಿನಲ್ಲಿ ಒಬ್ಬಳು ಎಂದು ಶುರುಮಾಡಿದೆ. ಅವಳು ಯಾರೆಂದು ನನಗೂ ಗೊತ್ತಿರಲಿಲ್ಲ, ಮೊದಲ ಸಲ ಅದರಿಂದ ಹೆದರಿಕೆಯೂ ಆಗಲಿಲ್ಲ.